ಒಂಬತ್ತನೇ ಇಲಿಯ ಬಿಲ್ಲೆ

ಭೂಮಿಯೊಳಗೆ ಎರಡು ಕಿಲೋಮೀಟರ್ ಆಳದಿಂದ ಒಂದು 'ಹೂಂ' ಮೇಲೆ ಬರಬೇಕಾದರೆ ನಾಲ್ಕು ನಿಮಿಷ ಹಿಡಿಯುತ್ತದೆ. ಕಂಬಗಲ್ಲಿನ ಗಣಿಯಲ್ಲಿ ಕೇಬಲ್ಲು ಬಾಳುವುದಿಲ್ಲ. ಹಳೆಯ ಸುರಂಗಗಳ ಹುಳಿನೀರು ಅದನ್ನು ವಾರದೊಳಗೆ ತಿಂದು ತೇಗುತ್ತದೆ. ರೇಡಿಯೋ ಅಲೆಗೆ ಆ ಬಂಡೆ ದಾರಿ ಕೊಡುವುದಿಲ್ಲ. ಉಳಿದದ್ದು ಒಂದೇ ಉಪಾಯ: ಬಂಡೆಯನ್ನೇ ಸಣ್ಣಗೆ ನಡುಗಿಸಿ, ಒಂದೊಂದೇ ಅಕ್ಷರ ದಾಟಿಸುವುದು. ಆ ಯಂತ್ರಕ್ಕೆ ಊರಿನವರು 'ಕಲ್ಲುಮಾತು' ಎಂದು ಹೆಸರಿಟ್ಟಿದ್ದರು. ಕಲ್ಲಿಗೆ ಅವಸರವಿಲ್ಲ ಎಂಬುದು ಊರಿನವರಿಗೆ ಮೊದಲಿನಿಂದಲೂ ಗೊತ್ತಿತ್ತು.

ಗೊತ್ತಿಲ್ಲದ್ದು 'ಹೊಂಗೆ'ಗೆ. ಹೊಂಗೆ ಅಂದರೆ ಮರವಲ್ಲ, ಆ ಗಣಿಯ ಯಂತ್ರಗಳನ್ನೆಲ್ಲ ನಡೆಸುತ್ತಿದ್ದ ಪ್ರೋಗ್ರಾಮಿಂಗ್ ಭಾಷೆ. ಇಪ್ಪತ್ತು ವರ್ಷದ ಹಿಂದೆ ಧಾರವಾಡದಲ್ಲಿ ಏಳು ಜನ ಒಂದು ಹೊಂಗೆಮರದ ಕೆಳಗೆ ಕೂತು ಕನ್ನಡದಲ್ಲೇ ಕಟ್ಟಿದ ಭಾಷೆ ಅದು. ಒಂದು ಸಾಲು ಮುಗಿದರೆ ಮುಂದಿನ ಸಾಲು, ಅದು ಮುಗಿದರೆ ಅದರ ಮುಂದಿನದು. ಬಲು ಮರ್ಯಾದಸ್ಥ ಭಾಷೆ. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಎಂಟು ನಿಮಿಷ ಬಿಟ್ಟು ಬರುವ ಜಾಗದಲ್ಲಿ ಆ ಮರ್ಯಾದೆ ಕೆಲಸಕ್ಕೆ ಬರುವುದಿಲ್ಲ. ಉತ್ತರಕ್ಕಾಗಿ ಕೈಕಟ್ಟಿ ನಿಂತರೆ ಪಂಪು, ಫ್ಯಾನು ಎಲ್ಲ ನಿಲ್ಲುತ್ತವೆ. ನಿಲ್ಲಬಾರದು ಅಂದರೆ 'ಉತ್ತರ ಬಂದಾಗ ಇದನ್ನು ಮಾಡು, ಅದು ಮುಗಿದಾಗ ಅದನ್ನು ಮಾಡು' ಎಂದು ಒಂದರೊಳಗೊಂದು ಬರೆಯುತ್ತ ಹೋಗಬೇಕು. ಅಜ್ಜಿಯ ಟ್ರಂಕಿನಂತೆ, ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಇನ್ನೊಂದು ಡಬ್ಬಿ. ಹದಿನೆಂಟನೇ ಲೆವೆಲ್ಲಿನಲ್ಲಿ ನೀರು ತಡೆಯುವ ಉಕ್ಕಿನ ಕದ ನಡೆಸುವ ಪ್ರೋಗ್ರಾಮಿನಲ್ಲಿ ಇಂಥ ಡಬ್ಬಿ ಹನ್ನೊಂದು ಇದ್ದವು. ಬರೆದವಳು ಗಣಿಯ ಪ್ರೋಗ್ರಾಮರ್ ಕನಕವಲ್ಲಿ. ಆರು ತಿಂಗಳಾದ ಮೇಲೆ ಅದನ್ನು ಓದಿದರೆ ಅವಳಿಗೂ ತಲೆಬುಡ ತಿಳಿಯುತ್ತಿರಲಿಲ್ಲ.

ನಲವತ್ತು ವರ್ಷ ಮುಚ್ಚಿದ್ದ ಆ ಚಿನ್ನದ ಗಣಿಯನ್ನು ಈಗ ತೆರೆಯುತ್ತಿದ್ದದ್ದು ಚಿನ್ನಕ್ಕಲ್ಲ. ಹಗಲಿನ ಬಿಸಿಲ ಕರೆಂಟಿನಲ್ಲಿ ಬಾವಿಯಂತೆ ನೇರ ಇಳಿಯುವ ಆಳದ ಶಾಫ್ಟಿನಿಂದ ಭಾರಿ ಗುಂಡುಗಳನ್ನು ಮೇಲೆತ್ತುವುದು, ಕತ್ತಲಾದ ಮೇಲೆ ಇಳಿಬಿಟ್ಟು ಅದೇ ಕರೆಂಟನ್ನು ವಾಪಸು ಪಡೆಯುವುದು ಯೋಜನೆ. ಅದಕ್ಕೆ ಮೊದಲು ನೀರು ಖಾಲಿಯಾಗಬೇಕು, ಸುರಂಗಗಳಿಗೆ ಆಧಾರ ಕೊಡಬೇಕು. ಆ ಕೆಲಸಕ್ಕೆ ಮೂವತ್ತು ಪುಟ್ಟ ಯಂತ್ರಗಳನ್ನು ಕೆಳಗೆ ಬಿಟ್ಟಿದ್ದರು. ಎಲ್ಲರೂ ಅವನ್ನು ಇಲಿ ಎನ್ನುತ್ತಿದ್ದರು. ಆ ಆಳದ ಬಂಡೆ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಇಲಿಗಳು ಬಂಡೆಯ ಬಿಸಿಯನ್ನೇ ಉಂಡು ಬದುಕುತ್ತಿದ್ದವು.

ಕನಕಳ ಬೇಡಿಕೆ ಚಿಕ್ಕದು. ಹೊಂಗೆಗೆ 'ಕಾದಿರು' ಎಂಬ ಒಂದು ಪದ ಸೇರಿಸಬೇಕು. ಆ ಪದವಿರುವ ಸಾಲು ಉತ್ತರಕ್ಕಾಗಿ ನಿಲ್ಲುತ್ತದೆ, ಪ್ರೋಗ್ರಾಮಿನ ಉಳಿದ ಕೆಲಸಗಳು ಅವುಗಳ ಪಾಡಿಗೆ ನಡೆಯುತ್ತಿರುತ್ತವೆ. ಡಬ್ಬಿಗಳೆಲ್ಲ ಮಾಯ, ಮೇಲಿನಿಂದ ಕೆಳಗೆ ಕಥೆಯಂತೆ ಓದಬಹುದು. ಭಾಷೆಯ ಸಮಿತಿ ಎರಡು ಸಲ ಬೇಡ ಅಂದಿತ್ತು. ಸಮಿತಿಯ ಹಿರಿಯರಾದ ಇನಾಂದಾರರು ಧಾರವಾಡದಿಂದ ಪರದೆಯ ಮೇಲೆ ಬಂದು, ಚಹಾದ ಕಪ್ಪು ಕೆಳಗಿಟ್ಟು ಹೇಳಿದ್ದರು:

"ನೋಡ್ರಿ ಬಾಯಾರ, ಭಾಷಾಕ್ಕ ಹೊಸಾ ಶಬ್ದ ಸೇರ್ಸೂದಂದ್ರ ಮನಿಗೆ ಸೊಸಿ ತಂದಂಗ. ತಂದ ಮ್ಯಾಲೆ ವಾಪಸ್ ಕಳಸ್ಲಿಕ್ಕೆ ಬರೂದಿಲ್ಲ. ಇನ್ನ ಇಪ್ಪತ್ತ ವರ್ಷ ಆಕಿ ಜೋಡಿನ ಸಂಸಾರ ಮಾಡಬೇಕು."

"ಸರ್, ನಾನೂ ಒಂದು ಮನೆಯ ಸೊಸೆನೇ. ಹತ್ತು ವರ್ಷ ಆಯ್ತು, ಯಾರೂ ಕಷ್ಟಪಟ್ಟಿಲ್ಲ."

"ನಿಮ್ಮ ಅತ್ತಿಯವ್ರನ್ನ ಕೇಳಬೇಕ್ರೀ ಅದನ್ನ," ಎಂದು ನಕ್ಕರು. ಆಮೇಲೆ ನಗು ಬಿಟ್ಟು, "ಯಾರರೆ ಆ ಶಬ್ದಾ ಬರೀಲಿಕ್ಕೆ ಮರತರ? ಪ್ರೋಗ್ರಾಮ್ ನಿಲ್ಲೂದಿಲ್ಲ, ಕಾಯೂದಿಲ್ಲ, 'ಮುಗೀತು' ಅಂತ ಹೇಳಿ ಮುಂದ ಹೋಗ್ತದ. ಅವಾಗೇನ್ ಮಾಡ್ತೀರಿ?"

"ಅಷ್ಟು ಸುಲಭದ ಪದ, ಯಾರು ಸರ್ ಮರೀತಾರೆ?" ಎಂದಿದ್ದಳು ಕನಕ. ಕೊನೆಗೆ ಪ್ರಯೋಗಕ್ಕೆ ಮಾತ್ರ ಒಪ್ಪಿಗೆ ಸಿಕ್ಕಿತು.

ಮರೆತವಳು ಅವಳೇ.

ಡಿಸೆಂಬರಿನ ಒಂದು ಬೆಳಗ್ಗೆ, ಹದಿನೆಂಟನೇ ಲೆವೆಲ್ಲಿನ ಕದದಾಚೆಗಿದ್ದ ಇಲಿಗಳನ್ನು ಈಚೆಗೆ ಕರೆದು, ಕದ ಹಾಕಿ, ಮೇಲಿನ ಲೆವೆಲ್ಲುಗಳ ನೀರನ್ನು ಆಚೆಯ ಸುರಂಗದ ಮೂಲಕ ಕೆಳಗೆ ಬಿಡಬೇಕಿತ್ತು. ಹೊಸ ಪದದಲ್ಲಿ ಬರೆದ ಪ್ರೋಗ್ರಾಮು ನಲವತ್ತು ಸಾಲು, ನೋಡಲು ಕಣ್ಣಿಗೆ ತಂಪು. ಒಂಬತ್ತನೇ ಇಲಿಗೆ 'ಬಾ' ಎನ್ನುವ ಸಾಲಿನ ಮುಂದೆ ಮಾತ್ರ 'ಕಾದಿರು' ಇರಲಿಲ್ಲ. ಪ್ರೋಗ್ರಾಮು 'ಬಾ' ಎಂದಿತು, ಕರೆದದ್ದನ್ನೇ ಬಂದದ್ದೆಂದು ಬರೆದುಕೊಂಡಿತು, ಕದ ಹಾಕಿತು. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ 'ಎಲ್ಲವೂ ಮುಗಿಯಿತು' ಎಂದು ಬಂತು. ಕಂಟ್ರೋಲ್ ರೂಮಿನಲ್ಲಿ ಚಪ್ಪಾಳೆ ತಟ್ಟಿದರು. ಹತ್ತು ನಿಮಿಷದ ಮೇಲೆ ಬಂಡೆಯೊಳಗಿಂದ ಒಂದು ಸಾಲು ಮೇಲೆ ಬಂತು: 'ಇಲಿ ೯. ಕದ ಮುಚ್ಚಿದೆ. ನೀರು.' ಆಮೇಲೆ ಏನೂ ಬರಲಿಲ್ಲ.

ಯಂತ್ರ ತಾನೇ, ಹೋದರೆ ಹೋಯಿತು ಎಂದರು. ಆದರೆ ಜನವರಿ ಹತ್ತನೇ ತಾರೀಕು, ಆ ನೀರು ಕೆಳಗಿಳಿದು ಹೋದ ಮೇಲೆ, ಅದೇ ಕದದಾಚೆಗೆ ನಾಲ್ಕು ಜನ ಹೋಗುವವರಿದ್ದರು. ನಲವತ್ತು ವರ್ಷದಲ್ಲಿ ಆ ಆಳಕ್ಕೆ ಇಳಿಯುವ ಮೊದಲ ಮನುಷ್ಯರು. ಅವರಲ್ಲಿ ನಾಲ್ಕನೆಯವನು, ಸುರಂಗಕ್ಕೆ ಆಧಾರ ಕೊಡುವ ಇಂಜಿನಿಯರು ಜೀವಾನಂದ, ಕನಕಳ ಗಂಡ. ಆ ದಿನ ಕದ ನಡೆಸುವುದು ಯಾವ ಪ್ರೋಗ್ರಾಮು? ಯಾರಿಗೂ ಅರ್ಥವಾಗದ ಹನ್ನೊಂದು ಡಬ್ಬಿಯದೋ, ಅರ್ಥವಾದರೂ ಇಲಿಯನ್ನು ಮುಳುಗಿಸಿದ್ದೋ? ಕನಕಳಿಗೆ ಊಟ ಸೇರಲಿಲ್ಲ.

ಅವಳ ಅತ್ತೆ ಅರುಳಮ್ಮ ಇರುತ್ತಿದ್ದದ್ದು ಹೆಚ್ಚಾಗಿ ಬಿಲ್ಲೆಮನೆಯಲ್ಲಿ. ಶಾಫ್ಟಿನ ಬಾಯಿಯ ಪಕ್ಕದ ಆ ಹೆಂಚಿನ ಕೋಣೆಯಲ್ಲಿ ಹಿಂದೆ ಗಣಿಗೆ ಇಳಿಯುವವರಿಗೆಲ್ಲ ನಂಬರಿನ ಹಿತ್ತಾಳೆ ಬಿಲ್ಲೆ ಕೊಟ್ಟು, ಮೇಲೆ ಬಂದಾಗ ವಾಪಸು ಪಡೆದು ಮೊಳೆಗೆ ಹಾಕುತ್ತಿದ್ದರು. ಅರುಳಮ್ಮನ ಅಪ್ಪ ಅಲ್ಲಿ ಗುಮಾಸ್ತ. ಯೋಜನೆಯವರು ಅದನ್ನು ಕೆಡವಲು ಬಂದ ದಿನ ಅರುಳಮ್ಮ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಬಟಾಣಿ ಸುಲಿಯುತ್ತ ಕೂತುಬಿಟ್ಟರು. ಮೂರು ದಿನ ಕೂತರು. ಕಡೆಗೆ ಸೂಪರಿಂಟೆಂಡೆಂಟ್ ನಸ್ರೀನ್ ಮೇಡಂ ಅವರೇ ಬಂದು ಕೀಲಿಕೈ ಕೊಟ್ಟು ಹೋಗಿದ್ದರು.

ಮಧ್ಯಾಹ್ನ ಕನಕ ಅಲ್ಲಿಗೆ ಹೋಗಿ ನೆಲದ ಮೇಲೆ ಕೂತಳು.

"ಏನಮ್ಮಾ, ಮುಖ ಹಿಂಗೆ ಸೋರೆಬುರುಡೆ ಮಾಡ್ಕೊಂಡಿದ್ದೀಯ?"

"ಮರೆತೆ ಅತ್ತೆ. ಒಂದೇ ಒಂದು ಪದ. ಜೀವ ಒಳಗಿದ್ದಿದ್ರೆ? ಇನ್ಮೇಲೆ ಪ್ರತಿ ಸಾಲನ್ನೂ ಹತ್ತು ಸಲ ನೋಡ್ತೀನಿ. ಮರೆಯೋದೇ ಇಲ್ಲ."

ಅರುಳಮ್ಮ ಬಿಲ್ಲೆಗೆ ಹುಣಸೆಹಣ್ಣು ತಿಕ್ಕುವುದನ್ನು ನಿಲ್ಲಿಸಿದರು.

"ನಮ್ಮಪ್ಪ ಒಂದು ಸಲ ಒಬ್ಬ ಆಳನ್ನ ಮರೆತು ಮನೆಗೆ ಬಂದುಬಿಟ್ಟಿದ್ದ, ಗೊತ್ತಾ? ಹಲಗೆ ಮೇಲೆ ಒಂದು ಮೊಳೆ ಖಾಲಿ ಐತೆ, ಇವನು ನೋಡ್ಲೇ ಇಲ್ಲ. ಪಾಳಿ ಮುಗೀತು ಅಂತ ಬೀಗ ಹಾಕಿದ. ಆ ಮನುಷ್ಯ ಒಂದು ದಿನ ಪೂರ್ತಿ ಕೆಳಗೆ ಕತ್ತಲಲ್ಲಿ ಕೂತಿದ್ದ. ಬದುಕಿ ಬಂದ. ಆದ್ರೆ ಸಾಯೋವರೆಗೂ ದೀಪ ಆರಿಸಿ ಮಲಗಲಿಲ್ಲ."

ಹತ್ತು ವರ್ಷದಲ್ಲಿ ಈ ಮಾತು ಮನೆಯಲ್ಲಿ ಒಮ್ಮೆಯೂ ಬಂದಿರಲಿಲ್ಲ. "ಆಮೇಲೆ?" ಎಂದಳು ಕನಕ.

"ಎಲ್ಲಾರೂ ಬೈದರು. ದೇವರ ಮುಂದೆ ಆಣೆ ಇಡು, ಇನ್ಮೇಲೆ ಮರೆಯಲ್ಲ ಅನ್ನು, ಅಂದ್ರು. ನಮ್ಮಪ್ಪ ಆಣೆ ಇಡಲಿಲ್ಲ. ಕಮ್ಮಾರನ ಹತ್ರ ಹೋದ." ಅರುಳಮ್ಮ ಎದ್ದು ಹಳೆಯ ಹಲಗೆಯ ಬಳಿ ನಿಂತರು. ಒಂದು ಸಾಲಿಗೆ ಹತ್ತು ಮೊಳೆ, ಪ್ರತಿ ಮೊಳೆಯಲ್ಲಿ ನಡುವೆ ತೂತಿರುವ ಒಂದು ಬಿಲ್ಲೆ. ಪ್ರತಿ ಮೊಳೆಯ ಹಿಂದೆ ಒಂದು ಸಣ್ಣ ಸ್ಪ್ರಿಂಗು. ಪಕ್ಕದಲ್ಲಿ ಉದ್ದನೆಯ ಕಬ್ಬಿಣದ ಬೋಲ್ಟು. "ನೋಡು, ಬಿಲ್ಲೆ ಭಾರಕ್ಕೆ ಮೊಳೆ ಬಗ್ಗಿದ್ರೇನೆ ಈ ಬೋಲ್ಟು ದಾಟೋದು. ಒಂದೇ ಒಂದು ಖಾಲಿ ಇದ್ರೂ ಅಲ್ಲಿಗೇ ಸಿಕ್ಕಿಕೊಂತದೆ. ಬೋಲ್ಟು ಬೀಳದೆ ಬಾಗಿಲಿಗೆ ಬೀಗ ಬೀಳಲ್ಲ. ಬೀಗ ಬೀಳದೆ ಗುಮಾಸ್ತ ಮನೆಗೆ ಹೋಗೋ ಹಂಗಿಲ್ಲ. ನಮ್ಮಪ್ಪ ಕುಡೀತಿದ್ದ ಕಣಮ್ಮ, ನನ್ನ ಹೆಸರೇ ಮರೀತಿದ್ದ. ಅದಾದ ಮೇಲೆ ಇಪ್ಪತ್ತಾರು ವರ್ಷ ಒಬ್ಬರನ್ನೂ ಮರೀಲಿಲ್ಲ. ಯಾಕೆ ಅಂದ್ರೆ, ಬೋಲ್ಟು ಮರೀಲಿಲ್ಲ."

ಒಂಬತ್ತನೇ ಬಿಲ್ಲೆಯನ್ನು ತೆಗೆದು ಬೋಲ್ಟು ತಳ್ಳಿ ತೋರಿಸಿದರು. ಅದು ಒಂಬತ್ತಕ್ಕೆ ತಾಗಿ ನಿಂತಿತು. ಕನಕ ತಾನೂ ತಳ್ಳಿ ನೋಡಿದಳು, ಎರಡು ಕೈಯಲ್ಲಿ ತಳ್ಳಿ ನೋಡಿದಳು. ಆಮೇಲೆ ಅತ್ತೆಯ ಹುಣಸೆಹಣ್ಣಿನ ಕೈಯನ್ನೇ ಹಿಡಿದು ಕಣ್ಣಿಗೊತ್ತಿಕೊಂಡು ಓಡಿದಳು.

"ಊಟ ಮಾಡ್ಕೊಂಡ್ ಹೋಗೇ!" ಎಂದು ಅರುಳಮ್ಮ ಕೂಗಿದ್ದು ಅವಳಿಗೆ ಕೇಳಿಸಲಿಲ್ಲ.

ಎಂಟು ದಿನದಲ್ಲಿ ಅವಳು ಸಮಿತಿಯ ಮುಂದೆ ಇಟ್ಟದ್ದು ಬೇರೆಯದೇ ಪ್ರಸ್ತಾಪ. ಕಾಯುವುದನ್ನು ನೆನಪಿಸಿಕೊಂಡು ಬರೆಯುವ ಪದವೇ ಬೇಡ. ಅದರ ಬದಲು 'ಪಾಳಿ' ಎಂದು ಶುರುವಾಗುವ ಒಂದು ಕಟ್ಟು. ಅದರೊಳಗೆ ಯಾರನ್ನೇ, ಏನನ್ನೇ ದೂರಕ್ಕೆ ಕಳಿಸಿದರೂ ಭಾಷೆಯೇ ಒಂದು ಬಿಲ್ಲೆ ಹುಟ್ಟಿಸುತ್ತದೆ. ಬರೆಯುವವರು ನೆನಪಿಟ್ಟುಕೊಳ್ಳಬೇಕಾಗಿಲ್ಲ. ಹೋದವರು ಸ್ವತಃ ಮರಳಿದರೆ ಮಾತ್ರ ಬಿಲ್ಲೆ ಮರಳುತ್ತದೆ. ಎಲ್ಲ ಬಿಲ್ಲೆಗಳೂ ಬರುವ ತನಕ ಪಾಳಿ ಮುಗಿಯದು. ಬೇರೆ ಪಾಳಿಗಳು, ಪಂಪಿನದು, ಗಾಳಿಯದು, ಅವುಗಳ ಪಾಡಿಗೆ ನಡೆಯುತ್ತಿರುತ್ತವೆ.

"ಒಬ್ಬಾಂವ ಬರೂದ ಇಲ್ಲಂದ್ರ?" ಇನಾಂದಾರರು ಕೇಳಿದರು. "ಕಡೀತನಕ ಹಂಗ ನಿಲ್ಲೂದೇನು?"

"ಅದಕ್ಕೊಂದು ಪದ ಇಟ್ಟಿದ್ದೀನಿ ಸರ್. 'ಕಳೆದಿದೆ' ಅಂತ. ಆದರೆ ಪ್ರೋಗ್ರಾಮು ತಾನಾಗೇ ಹಾಗನ್ನೋ ಹಾಗಿಲ್ಲ. ಒಬ್ಬ ಮನುಷ್ಯ ಕೂತು, ಕಳೆದವರ ಹೆಸರು ಪೂರ್ತಿ ಬರೆದು, ಕಳೆದಿದೆ ಅಂತ ಕೈಯಾರೆ ಒತ್ತಬೇಕು."

ಇನಾಂದಾರರು ಪ್ರಸ್ತಾಪವನ್ನು ಮೊದಲಿನಿಂದ ಇನ್ನೊಮ್ಮೆ ಓದಿದರು. ಚಹಾ ಆರಿತು. "ಈ ಸೊಸಿ ಗಟ್ಟಿ ಇದ್ದಾಳ್ರೀ," ಎಂದರು. ಮೂರು ಮತದ ಎದುರು ನಾಲ್ಕು ಮತದಿಂದ ಹೊಸ ಕಟ್ಟು ಹೊಂಗೆಗೆ ಸೇರಿತು.

ಜನವರಿ ಹತ್ತರ ಬೆಳಗ್ಗೆ ಜೀವಾನಂದ ಹೊರಡುವಾಗ ಅರುಳಮ್ಮ ಅವನ ಜೇಬಿನಲ್ಲಿ ಏನನ್ನೋ ತುರುಕಿದ್ದನ್ನು ಕನಕ ನೋಡಿದಳು. ಕೇಳಲು ಹೊತ್ತಿರಲಿಲ್ಲ. ನಾಲ್ವರಿಗೂ ಎಲೆಕ್ಟ್ರಾನಿಕ್ ಚಿಪ್ ಕೂರಿಸಿದ ಹಿತ್ತಾಳೆ ಬಿಲ್ಲೆಗಳನ್ನು ಕೊಟ್ಟದ್ದು ಅರುಳಮ್ಮನೇ. ಹದಿನೆಂಟನೇ ಲೆವೆಲ್ಲಿನ ಕದದ ಈಚೆ ಒಂದು ಕಂಬವಿದೆ. ವಾಪಸು ಬಂದವರು ಬಿಲ್ಲೆಯನ್ನು ಅದಕ್ಕೆ ತಾಗಿಸಿದರೆ ಆ ಸುದ್ದಿ ಬಂಡೆಯೊಳಗಿಂದ ಮೇಲೆ ಬರುತ್ತದೆ.

ಹನ್ನೊಂದು ಗಂಟೆಗೆ ಕೆಳಗಿನ ಲೆವೆಲ್ಲಿನಲ್ಲಿ ಹಳೆಯದೊಂದು ಇಟ್ಟಿಗೆ ಗೋಡೆ ಕುಸಿಯಿತು. ಅದರ ಹಿಂದೆ ನಲವತ್ತು ವರ್ಷದಿಂದ ನಿಂತಿದ್ದ ನೀರು ಹದಿನೆಂಟನೆಯದಕ್ಕೆ ಏರತೊಡಗಿತು. ಇಪ್ಪತ್ತೈದು ನಿಮಿಷದಲ್ಲಿ ಕದದ ಹೊಸ್ತಿಲು ಮುಟ್ಟುತ್ತದೆ ಎಂದು ಲೆಕ್ಕ ಬಂತು. ಹೊಸ್ತಿಲು ದಾಟಿದರೆ ದೊಡ್ಡ ಪಂಪುಮನೆ ಮುಳುಗುತ್ತದೆ, ಎರಡು ವರ್ಷದ ಕೆಲಸ ನೀರುಪಾಲು. ಕದ ಹಾಕಬೇಕು; ಹಾಕು ಎಂಬ ಮಾತು ಕೆಳಗೆ ತಲುಪಲೂ ನಾಲ್ಕು ನಿಮಿಷ ಬೇಕು. ಎಲ್ಲರೂ ಈಚೆ ಬನ್ನಿ ಎಂಬ ಕರೆ ಹೋಯಿತು.

ಹನ್ನೊಂದೂ ಹದಿಮೂರಕ್ಕೆ, ಕೆಳಗಿಳಿದ ನಾಲ್ವರ ಮೇಸ್ತ್ರಿ ಗಂಗುಲಪ್ಪನ ಮಾತು ಪರದೆಗೆ ಬಂತು: 'ನಾಲ್ಕೂ ಜನ ಬಂದ್ವಿ. ಲಿಫ್ಟಿನ ಕೇಜಿನ ಹತ್ತಿರ ಇದ್ದೀವಿ. ಕದ ಹಾಕಿ.'

ಕಂಟ್ರೋಲ್ ರೂಮು ಉಸಿರು ಬಿಟ್ಟಿತು. ನಸ್ರೀನ್ ಮೇಡಂ ಗುಂಡಿ ಒತ್ತಿದರು. ಪರದೆ ಹೇಳಿತು: 'ಪಾಳಿ ಮುಗಿದಿಲ್ಲ. ಒಂದು ಬಿಲ್ಲೆ ಹೊರಗಿದೆ. ನಂಬರ್ ೪.'

"ಇದೇನ್ ಕನಕಾ? ಮೇಸ್ತ್ರಿ ಹೇಳ್ತಾ ಇದ್ದಾರಲ್ಲ, ನಾಲ್ಕೂ ಜನ ಅಂತ."

"ಮೇಸ್ತ್ರಿ ಬಿಲ್ಲೆ ಬಂದಿದೆ ಮೇಡಂ. ಜೀವಾನಂದನ ಬಿಲ್ಲೆ ಬಂದಿಲ್ಲ."

"ತಾಗಿಸೋದು ಮರೆತಿರಬಹುದು!"

ಇರಬಹುದು. ಅದೇ ಕನಕಳನ್ನು ಕೊಂದದ್ದು. ಕೆಳಗಿನವರನ್ನು ಕೇಳುವ ಪ್ರಶ್ನೆಯನ್ನು ಪ್ರೋಗ್ರಾಮು ಆಗಲೇ ಕಳಿಸಿತ್ತು. ಉತ್ತರಕ್ಕೆ ಎಂಟು ನಿಮಿಷ. 'ಕಳೆದಿದೆ' ಎಂದು ಬರೆದು ಹೆಸರು ಹಾಕಿದರೆ ಕದ ಈಗಲೇ ಬೀಳುತ್ತದೆ. ಆ ಪದವನ್ನು ಭಾಷೆಗೆ ತಂದವಳು ತಾನೇ. ಖಾಲಿ ಜಾಗ ಪರದೆಯ ಮೇಲೆ ಮಿನುಗುತ್ತಿತ್ತು. ಜೀವಾನಂದ ಎಂಬ ಹೆಸರನ್ನು ಆ ಜಾಗದಲ್ಲಿ ಬರೆಯುವುದು ತನ್ನಿಂದ ಆಗುವ ಕೆಲಸವಲ್ಲ ಎಂದು ಅವಳಿಗೆ ಗೊತ್ತಾಯಿತು.

"ಆಗಲ್ಲ ಮೇಡಂ. ನೀವು ಬರೀತೀರಾ?" ಎಂದು ಕೀಬೋರ್ಡನ್ನು ಅವರ ಕಡೆ ಸರಿಸಿದಳು.

ನಸ್ರೀನ್ ಮೇಡಂ ಕೀಬೋರ್ಡು ನೋಡಿದರು, ಅವಳ ಮುಖ ನೋಡಿದರು. ಕೈ ಹಿಂದಕ್ಕೆ ತೆಗೆದುಕೊಂಡರು. "ಎಷ್ಟು ಹೊತ್ತು ತಡೀಬಹುದು?"

ಆ ಹೊತ್ತಿನಲ್ಲಿ ಪ್ರೋಗ್ರಾಮಿನ ಒಂದು ಸಾಲು ಮಾತ್ರ ನಿಂತಿತ್ತು. ಉಳಿದದ್ದೇನೂ ನಿಂತಿರಲಿಲ್ಲ. ಪಂಪಿನ ಪಾಳಿ ಏರುವ ನೀರನ್ನು ಕಂಡು ಎರಡನೇ ಸಾಲಿನ ಪಂಪುಗಳನ್ನೂ ಅತ್ತ ತಿರುಗಿಸಿತ್ತು. ಇಲಿಗಳ ಪಾಳಿ ಇಳಿಜಾರಿನಲ್ಲಿ ಕಲ್ಲು ಉರುಳಿಸಿ ಒಡ್ಡು ಹಾಕುತ್ತಿತ್ತು. ಯಾರೂ ಹೇಳಿರಲಿಲ್ಲ, ಹೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಇಪ್ಪತ್ತೈದು ನಿಮಿಷದ ಲೆಕ್ಕ ಇಪ್ಪತ್ತೊಂಬತ್ತಾಯಿತು, ಆಮೇಲೆ ಮೂವತ್ತೊಂದು. ಹನ್ನೊಂದೂ ಇಪ್ಪತ್ತೊಂದಕ್ಕೆ ಗಂಗುಲಪ್ಪನ ಉತ್ತರ ಬಂತು: 'ಜೀವ ಹಿಂದೆ ಬರ್ತಾ ಇದ್ದ. ಇಲ್ಲಿ ಇಲ್ಲ. ಕದ ಹಾಕಬೇಡಿ. ಕದ ಹಾಕಬೇಡಿ.'

ನಸ್ರೀನ್ ಮೇಡಂ ಕನಕಳ ಭುಜ ಹಿಡಿದು ನಿಂತಿದ್ದರು, ಹಿಡಿತ ನೋಯುತ್ತಿತ್ತು.

ಹನ್ನೊಂದೂ ಇಪ್ಪತ್ತೈದು. 'ಬಿಲ್ಲೆ ೪ ಬಂತು. ಪಾಳಿ ಮುಗಿಯಿತು.' ಕದ ಹಾಕುವ ಮಾತು ಅದರ ಬೆನ್ನಿಗೇ ಕೆಳಗೆ ಹೊರಟಿತು. ಹೊಸ್ತಿಲಿಗೆ ನೀರು ಎರಡು ನಿಮಿಷದ ದೂರದಲ್ಲಿದ್ದಾಗ ಕದ ಬಿತ್ತು ಎಂದು ಆಮೇಲೆ ತಿಳಿಯಿತು. ಕನಕ ಆಗ ಮೇಜಿಗೆ ತಲೆಯಿಟ್ಟು ಅಳುತ್ತಿದ್ದಳು.

ಆದದ್ದಿಷ್ಟು. ಹದಿನೆಂಟನೇ ಲೆವೆಲ್ಲಿನ ತುದಿಯಲ್ಲಿ ಹಿಂದಿನ ಆಳುಗಳು ಬಂಡೆ ಕೊರೆದು ಇಟ್ಟ ಒಂದು ಮೇರಿ ಮಾತೆಯ ಗೂಡಿತ್ತು. ಅಲ್ಲೊಂದು ಮೇಣದಬತ್ತಿ ಹಚ್ಚಿ ಬಾ ಎಂದು ಮಗನ ಜೇಬಿಗೆ ತುರುಕಿದ್ದು ಅರುಳಮ್ಮ. ಕರೆ ಬಂದಾಗ ಜೀವಾನಂದ, "ಎರಡೇ ನಿಮಿಷ, ಹಿಂದೇನೇ ಬಂದೆ," ಎಂದು ಅತ್ತ ಹೋದ. ಬರುವ ದಾರಿಯಲ್ಲಿ ಕಲ್ಲು ಬಿದ್ದಿತ್ತು, ತೆವಳಿ ದಾಟಬೇಕಾಯಿತು. ಗಂಗುಲಪ್ಪನದು ಗಣಿಯಷ್ಟೇ ಹಳೆಯ ಪದ್ಧತಿ. ಹಿಂದಿನಿಂದಲೂ ಅಲ್ಲಿ ಬೀಡಿ ಸೇದಲು, ಕೈಮುಗಿಯಲು ಒಬ್ಬ ಹಿಂದೆ ಉಳಿದರೆ ಇನ್ನೊಬ್ಬ ಅವನ ಹಾಜರಿ ಕೂಗುತ್ತಿದ್ದ. ಅದು ಸ್ನೇಹ, ಮೋಸವಲ್ಲ. ಅವತ್ತು ಆ ಸ್ನೇಹ ಒಂದು ಜೀವ ತೆಗೆಯುತ್ತಿತ್ತು. ಗಂಗುಲಪ್ಪ ಮೇಲೆ ಬಂದವನು ಮೂರು ದಿನ ಯಾರ ಮುಖವನ್ನೂ ನೋಡಲಿಲ್ಲ.

ಮಧ್ಯಾಹ್ನ ಮನೆಯಲ್ಲಿ ಅರುಳಮ್ಮ ಮಗನ ಮುಂದೆ ತಟ್ಟೆ ಇಟ್ಟರು. ಮುದ್ದೆ ಇಟ್ಟರು. ಸಾರು ತಟ್ಟೆಯಾಚೆ ಚೆಲ್ಲಿತು. "ನನ್ನ ಮೇಣದಬತ್ತಿನೇ ನನ್ನ ಮಗನ್ನ ತಿಂತಿತ್ತಲ್ಲೋ," ಎಂದು ಕೂತುಬಿಟ್ಟರು.

"ಹಚ್ಚಿ ಬಂದೆ ಕಣಮ್ಮ," ಎಂದ ಜೀವಾನಂದ. "ಕೆಳಗೆ ಚೆನ್ನಾಗಿ ಉರೀತಾ ಇತ್ತು."

"ಮುಚ್ಚೋ ಬಾಯಿ!" ಎಂದು ಬೈದರು. ಆಮೇಲೆ ಕನಕಳ ಕಡೆ ತಿರುಗಿ, "ನೀನು ತಿನ್ನೇ ಮೊದ್ಲು. ಬೆಳಗ್ಗೆಯಿಂದ ಏನೂ ತಿಂದಿಲ್ಲ," ಎಂದು ಮೊದಲ ತುತ್ತು ಅವಳ ಬಾಯಿಗೇ ಇಟ್ಟರು.

ಆ ವರ್ಷ ಹೊಂಗೆಯ 'ಪಾಳಿ' ಬೇರೆ ಕಡೆಗೂ ಹೋಯಿತು, ಆಸ್ಪತ್ರೆಗಳಿಗೆ, ಸಮುದ್ರದ ದೋಣಿಗಳಿಗೆ. ಆದರೆ ಕಂಬಗಲ್ಲಿನಲ್ಲಿ ಒಂದು ಕೊಂಕು ಉಳಿದೇಬಿಟ್ಟಿತು. ಡಿಸೆಂಬರಿನ ಆ ದಿನದ ಕೆಲಸವನ್ನು ಕನಕ ಹೊಸ ಕಟ್ಟಿನಲ್ಲಿ ತಿರುಗಿ ಬರೆದಿದ್ದಳು. ಹಾಗಾಗಿ ಪರದೆಯ ಮೂಲೆಯಲ್ಲಿ ದಿನವೂ ಒಂದು ಸಾಲು: 'ಒಂದು ಬಿಲ್ಲೆ ಹೊರಗಿದೆ. ಇಲಿ ೯.' ಅರುಳಮ್ಮನೂ ಹಲಗೆಯ ಕೊನೆಯ ಮೂರು ಸಾಲನ್ನು ಇಲಿಗಳಿಗೆ ಬಿಟ್ಟುಕೊಟ್ಟು, ಒಂಬತ್ತರ ಮೊಳೆ ಖಾಲಿ ಇಟ್ಟಿದ್ದರು. ಬೋಲ್ಟು ಬೀಳುತ್ತಿರಲಿಲ್ಲ, ಬಿಲ್ಲೆಮನೆಗೆ ಬೀಗವಿಲ್ಲ. 'ಕಳೆದಿದೆ' ಅಂತ ಬರೆದು ಮುಗಿಸಬಾರದೇ ಎಂದು ಎಲ್ಲರೂ ಚುಡಾಯಿಸುತ್ತಿದ್ದರು. "ನಾನು ನೋಡಿಲ್ಲವಲ್ಲ ಕಳೆದದ್ದನ್ನ," ಎನ್ನುತ್ತಿದ್ದಳು ಕನಕ.

ಮೇ ತಿಂಗಳಲ್ಲಿ ಕದದಾಚೆಯ, ಅದರ ಕೆಳಗಿನ ಲೆವೆಲ್ಲಿನ ನೀರೆಲ್ಲ ಖಾಲಿಯಾಯಿತು. ಹನ್ನೆರಡು ದಿನ ಬಂಡೆ ಒಣಗಿತು, ತನ್ನ ಹಳೆಯ ಬಿಸಿಗೆ ಮರಳಿತು. ಹದಿಮೂರನೆಯ ದಿನ ಹತ್ತೂವರೆಗೆ, ಕನಕ ಕಾಫಿ ಹಿಡಿದು ಕೂತಿದ್ದಾಗ, ಪರದೆಯ ಮೇಲೆ ಕಲ್ಲುಮಾತಿನ ಅಕ್ಷರಗಳು ಒಂದೊಂದಾಗಿ ಮೂಡಿದವು.

'ಇಲಿ ೯. ಬಾ ಅಂದಿರಿ. ಬರುತ್ತಿದ್ದೇನೆ.'

ಅವಳು ಕಾಫಿ ಅಲ್ಲೇ ಬಿಟ್ಟು ಬಿಸಿಲಿಗೆ ಓಡಿದಳು. ಇಲಿ ಕದ ದಾಟಿ ಕಂಬ ತಲುಪಲು ಒಂದೂಕಾಲು ಗಂಟೆ ತೆಗೆದುಕೊಂಡಿತು. ಅಷ್ಟು ಹೊತ್ತೂ ಅತ್ತೆ ಸೊಸೆ ಬಿಲ್ಲೆಮನೆಯಲ್ಲಿ ಪಕ್ಕಪಕ್ಕ ಕೂತು ಬಟಾಣಿ ಸುಲಿದರು. ಕಂಟ್ರೋಲ್ ರೂಮಿನ ಕಿಟಕಿಯಿಂದ ನಸ್ರೀನ್ ಮೇಡಂ ಎರಡೂ ಕೈ ಎತ್ತಿ ಬೀಸಿದಾಗ ಅರುಳಮ್ಮ ಎದ್ದು, ಸೆರಗಿನಿಂದ ಒಂಬತ್ತನೇ ಬಿಲ್ಲೆಯನ್ನು ಒರೆಸಿ ಮೊಳೆಗೆ ಹಾಕಿದರು.

"ತಳ್ಳು," ಎಂದರು.

ಕನಕ ಒಂದೇ ಕೈಯಲ್ಲಿ ತಳ್ಳಿದಳು. ಬೋಲ್ಟು ಎಲ್ಲ ಮೊಳೆಗಳನ್ನೂ ದಾಟಿ ಆಚೆ ಕೊನೆಗೆ ಟಕ್ಕೆಂದು ಬಿತ್ತು. ಅರುಳಮ್ಮ ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನಡಿ, ಮನೆಗೆ ಹೋಗೋಣ. ಎಲ್ಲಾರೂ ಬಂದ್ರು."